ಮೂರನೇ ಸುತ್ತು

‘ಆಕಿ ನಾಟಕ ಮಾಡಾಕತ್ತಾಳ’ ಅಂದವಳು ನಾನೇ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಕಲಾದಗಿ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಿ.ಟಿ. ಟೀಚರ್ ನಾನು. ಶಾಲೆ ಬಿಟ್ಟ ಮೇಲೆ ಆರು, ಏಳನೆಯ ತರಗತಿಯ 11 ಹುಡುಗಿಯರನ್ನು ಓಡಿಸುತ್ತಿದ್ದೆ. ಬೂಟು ಇದ್ದದ್ದು ಇಬ್ಬರಿಗೆ. ಮೈದಾನದ ನೆಗ್ಗಿಲುಮುಳ್ಳು ಆರಿಸುವುದೇ ಉಳಿದವರ ವಾರ್ಮ್‌ಅಪ್. 1984ರ ಲಾಸ್ ಏಂಜಲಿಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದನ್ನು ಹೇಳಿದರೆ, “ಆಕಿ ಕಾಲಾಗ ಬೂಟರ ಇದ್ದುವಲ್ರಿ ಅಕ್ಕಾರ” ಅನ್ನುವಷ್ಟು ಬಾಯಿ ಬಂದಿತ್ತು ಅವರಿಗೆ. ಮೊದಲ ತಿಂಗಳು ಹೆಸರು ಕೇಳಿದರೂ ನೆಲ ನೋಡುತ್ತಿದ್ದವರು!

ಆ ವರ್ಷ ಮೀಟಿಂಗಿನಲ್ಲಿ ಸಾಹೇಬರೊಬ್ಬರು ಎಲ್ಲರೆದುರು, “ನಿಮ್ಮ ಸಾಲಿಗೆ ಒಂದ್ ಮೆಡಲ್ಲರ ಬಂದೈತೇನ್ರಿ?” ಎಂದು ನಕ್ಕರು. ಮೈದಾನಕ್ಕೆ ಒಂದು ಹಿಡಿ ಸುಣ್ಣದಪುಡಿ ಕೊಡಿಸದವರು. ನನಗೆ ಹಟ ಹಿಡಿಯಿತು. 600 ಮೀಟರಿಗೆ ಒಬ್ಬಳನ್ನು ಆರಿಸಿದೆ.

ತಾಲ್ಲೂಕು ಕ್ರೀಡಾಕೂಟಕ್ಕೆ ನಾಲ್ಕೇ ದಿನ. ನಮ್ಮಲ್ಲಿ ಮೂರು ಸುತ್ತು ಹೊಡೆದರೆ 600. ಎರಡನೇ ಸುತ್ತು ಮುಗಿಯುವಾಗ ನಿಂತು ಮೊಣಕಾಲು ಹಿಡಿದುಕೊಂಡಳು. “ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ ಅಕ್ಕಾರ.” ನಾಟಕದ ಮಾತು ಆಡಿದ್ದು ಆಗಲೇ. ಸೀಟಿ ಊದಿದೆ. ಓಡಿದಳು. ಈಗಲೂ ಸುಡುವುದು ಅದೇ: ನನ್ನ ಮಾತು ಕೇಳಿ ಓಡಿದಳು. ತುಟಿ ಬಿಳಚಿತ್ತಂತೆ, ನಾನು ನೋಡುತ್ತಿದ್ದದ್ದು ಸ್ಟಾಪ್‌ವಾಚ್. ಬೇವಿನ ಗಿಡದ ಹತ್ತಿರ ಬಿದ್ದಳು. ಎಡವಿದ ಹಾಗಲ್ಲ, ಹಗ್ಗದ ಮೇಲಿನ ಒದ್ದೆ ಬಟ್ಟೆ ಜಾರಿದ ಹಾಗೆ. ಸದ್ದೇ ಇಲ್ಲ. ನಾನು ಹೋಗಿ ತಲೆ ಎತ್ತಿದಾಗ ಕೈ ತಣ್ಣಗೆ, ಹಣೆ ಬೆವರು. ನೀರು ತನ್ನಿ ಎಂದು ಕೂಗಿದೆ. ಯಾರೂ ಕದಲಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಸಣ್ಣವಳೊಬ್ಬಳು ಕಿವಿಯಲ್ಲಿ ಹೇಳಿದಳು: “ಆಕಿ ಹೊರಗಾಗ್ಯಾಳ್ರಿ. ಮುಂಜಾನಿಂದ ಏನೂ ತಿಂದಿಲ್ಲ.” ಎಲ್ಲರಿಗೂ ಗೊತ್ತಿತ್ತು. ಸೀಟಿ ಹಿಡಿದವಳಿಗೆ ಮಾತ್ರ ಗೊತ್ತಿರಲಿಲ್ಲ.

ಟಂಟಂನಲ್ಲಿ ಆಸ್ಪತ್ರೆಗೆ ಒಯ್ದೆವು. ಹಿಮೋಗ್ಲೋಬಿನ್ ಎಂಟಕ್ಕೂ ಕೆಳಗೆ. ಆ ವಯಸ್ಸಿಗೆ 12 ಇರಬೇಕು. ತಾಯಿ ದಾಳಿಂಬೆ ತೋಟದ ಕೂಲಿಯಿಂದ ಹಾಗೇ ಓಡಿಬಂದಳು. ಬೈಯಲಿಲ್ಲ. “ನೀವರ ಒಂದ್ ಮಾತ ಕೇಳಬಾರದಿತ್ತೇನ್ರಿ?” ಅಷ್ಟೇ.

ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಕಬ್ಬಿಣಾಂಶ ಅಷ್ಟಕ್ಕಷ್ಟೇ. ಆ ಹಣ್ಣಾದರೂ ಬಿಡಿಸಿದವರ ಮನೆಗೆ ಬರುವುದಿಲ್ಲ, ಲಾರಿ ಹತ್ತುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಹುಡುಗಿಯರು ಹೊಟ್ಟೆ ತೊಳಸುತ್ತದೆಂದು ಕಿಟಕಿಯಾಚೆ ಒಗೆಯುತ್ತಿದ್ದರು. ಈಗ ಊಟವಾದ ಮೇಲೆ ನನ್ನೆದುರೇ ನುಂಗಬೇಕು, ಹಿಂದೆಯೇ ಚಹಾ ಕುಡಿಯುವಂತಿಲ್ಲ. ಓಟ ಶುರು ಮಾಡುವ ಮುನ್ನ ರಕ್ತ ಪರೀಕ್ಷೆ. ಓಡುವುದಿಲ್ಲ ಅಂದವಳನ್ನು ಕಾರಣ ಕೇಳುವುದಿಲ್ಲ. ಟೀಚರುಗಳಿಗೆ ಹೇಳಲು ನನ್ನ ಹತ್ತಿರ ಇಷ್ಟೇ ಇದೆ.

ಆ ವರ್ಷ 600ಕ್ಕೆ ಯಾರನ್ನೂ ಕಳಿಸಲಿಲ್ಲ. ಸಾಹೇಬರು ಮತ್ತೆ ಕೇಳಿದರು, ಕೇಳಲಿ.

ಆರು ತಿಂಗಳು ಔಷಧಿ ತಗೊಂಡು ಆಕೆ ಮೈದಾನಕ್ಕೆ ಮರಳಿದಳು. ಒಂದು ಸಂಜೆ, “ಇವತ್ತ ನಾ ಓಡಂಗಿಲ್ರಿ” ಎಂದು ನನ್ನ ಕೈಯಿಂದ ಸ್ಟಾಪ್‌ವಾಚ್ ತಗೊಂಡು ಬೇವಿನ ಗಿಡದ ಕೆಳಗೆ ಕೂತಳು. ಉಳಿದವರು ಮೂರನೇ ಸುತ್ತಿನಲ್ಲಿದ್ದರು. ಅಲ್ಲಿಂದಲೇ ಕೂಗಿದಳು: “ಅಕ್ಕಾರ, ಆ ಸಣ್ಣಾಕಿನ್ನ ನಿಲ್ಲಸ್ರಿ. ತುಟಿ ನೋಡ್ರಿ ಆಕಿದು.”

ಸೀಟಿ ಊದಿ ನಿಲ್ಲಿಸಿದೆ.