ವಾಲ್ವಿನ ಬಿಸಿಗೆ ಎ.ಸಿ.ಯೋ ಡಿ.ಸಿ.ಯೋ: ಮಲೆನಾಡಿನ ಹುಡುಗರಿಗೊಂದು ಕಿವಿಮಾತು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಟ್ಟದಿಂದ ಹಳೇ ವಾಲ್ವ್ ರೇಡಿಯೊ ಇಳಿಸಿ ಆಂಪ್ಲಿಫೈಯರ್ ಕಟ್ಟಲು ಕೂತವರಿಗೆ ಈ ಮಾತು. ವಾಲ್ವಿನ ಹೀಟರಿಗೆ ಎ.ಸಿ.ಯಿಂದಲೇ ಶುರು ಮಾಡಿ. ಡಿ.ಸಿ. ಬೇಕಾಗುವುದು ಒಂದೆರಡು ಕಡೆ ಮಾತ್ರ.

• ಮೊದಲು ವಾಲ್ವಿನ ಜಾತಿ ನೋಡಿ. ಇಸಿಎಲ್ 82, ಇಎಲ್ 84, ಇಸಿಸಿ 83ರಲ್ಲಿ ಹೀಟರ್ ಬೇರೆ, ಕ್ಯಾಥೋಡ್ ಬೇರೆ, ಇವಕ್ಕೆ ಎ.ಸಿ. ಒಗ್ಗುತ್ತದೆ. ಕರೆಂಟಿಲ್ಲದ ಮನೆಗಳಿಗೆಂದು ಬಂದಿದ್ದ ಬ್ಯಾಟರಿ ರೇಡಿಯೊದ ಡಿಎಎಫ್ 96, ಡಿಎಲ್ 96ರಲ್ಲಿ ಫಿಲಮೆಂಟೇ ಕ್ಯಾಥೋಡ್. 1.4 ವೋಲ್ಟಿನ ಆ ಸಣ್ಣ ಎಳೆಗೆ ಶುದ್ಧ ಡಿ.ಸಿ.ಯನ್ನೇ ಕೊಡಿ. 300ಬಿಯಲ್ಲೂ ಫಿಲಮೆಂಟೇ ಕ್ಯಾಥೋಡ್.

• ಹೀಟರ್ ಬೇರೆ ಇರುವ ಔಟ್‌ಪುಟ್ ವಾಲ್ವಿಗೆ ಡಿ.ಸಿ. ದಂಡ. ಒಂದು ಇಎಲ್ 84 ಮುಕ್ಕಾಲು ಆಂಪಿಯರ್ ಎಳೆಯುತ್ತದೆ, ನಾಲ್ಕಿದ್ದರೆ ಮೂರು. ಅಷ್ಟನ್ನೂ ಡಿ.ಸಿ. ಮಾಡಲು ಹೊರಟರೆ ಪೆಟ್ಟಿಗೆ ಕಾಯುತ್ತದೆ, ಕೇಳುವ ಕಿವಿಗೆ ಲಾಭವಿಲ್ಲ.

• ಎರಡು ಹೀಟರ್ ತಂತಿಗಳನ್ನು ಬಿಗಿಯಾಗಿ ಹೊಸೆದು, ಚಾಸಿಯ ಮೂಲೆಗೆ ಒತ್ತಿ, ಗ್ರಿಡ್ ತಂತಿಯಿಂದ ದೂರ ಒಯ್ಯಿರಿ. ಸೆಂಟರ್ ಟ್ಯಾಪ್ ಇಲ್ಲದಿದ್ದರೆ ಅರ್ಧ ವಾಟಿನ ಎರಡು 100 ಓಮ್ ರೆಸಿಸ್ಟರುಗಳಿಂದ ನಡುಬಿಂದು ಮಾಡಿ ಗ್ರೌಂಡಿಗೆ ಕೊಡಿ. ಇಷ್ಟಾದರೂ ಗುಂಯ್‌ಗುಟ್ಟಿದರೆ ಆ ನಡುಬಿಂದುವನ್ನು ಗ್ರೌಂಡಿನ ಬದಲು 40 ವೋಲ್ಟ್ ಡಿ.ಸಿ.ಗೆ ಎತ್ತಿ ಕಟ್ಟಿ. ಬಹಳ ಸಲ ರೋಗ ಇಲ್ಲಿಗೇ ವಾಸಿ.

• ಎಲ್‌ಪಿ ಪ್ಲೇಯರಿನಿಂದ ಬರುವುದು ಬರೀ ಐದು ಮಿಲಿವೋಲ್ಟ್ ಆಸುಪಾಸು. ಅದನ್ನು ಮೊದಲು ಹಿಡಿಯುವ ಇಸಿಸಿ 83ಕ್ಕೆ ಡಿ.ಸಿ. ಸಲ್ಲುತ್ತದೆ. ದುಡ್ಡು ಹಾಕುವ ಮುಂಚೆ ಪರೀಕ್ಷೆ ಮಾಡಿ. ಮನೆಯ ಇನ್ವರ್ಟರ್ ಬ್ಯಾಟರಿ ಪೂರ್ತಿ ಚಾರ್ಜಾದಾಗ ಹೆಚ್ಚುಕಡಿಮೆ 12.6 ವೋಲ್ಟ್ ಇರುತ್ತದೆ, ಈ ವಾಲ್ವಿನ 4 ಮತ್ತು 5ನೇ ಪಿನ್ನಿಗೆ ಬೇಕಾದದ್ದೂ ಅಷ್ಟೇ. ವಾಲ್ವಿನ ಹಳೇ ಹೀಟರ್ ತಂತಿ ಬಿಚ್ಚಿ, ಬ್ಯಾಟರಿಯನ್ನು ಇನ್ವರ್ಟರಿನಿಂದ ಕಳಚಿ, ಒಂದು ಆಂಪಿಯರ್ ಫ್ಯೂಸ್ ಹಾಕಿ, ಮೈನಸ್ಸನ್ನು ಗ್ರೌಂಡಿಗೆ ಸೇರಿಸಿ, 9ನೇ ಪಿನ್ ಖಾಲಿ ಬಿಟ್ಟು ಕೇಳಿ. ಸದ್ದು ಅಡಗಿದರೆ ಡಿ.ಸಿ. ಮಾಡಿಸಿ. ಅಡಗದಿದ್ದರೆ ತಪ್ಪು ಹೀಟರಿನದಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟ ಜಾಗ, ಗ್ರೌಂಡ್ ತಂತಿ ನೋಡಿ.

• ಲಿಂಗನಮಕ್ಕಿ, ಮಾಣಿ ಅಣೆಕಟ್ಟೆಗಳು ನಮ್ಮಲ್ಲೇ ಇದ್ದರೂ ಕಾಡಿನ ನಡುವೆ ಉದ್ದಕ್ಕೆ ಎಳೆದ ಲೈನಿನ ತುದಿಯ ಮನೆಗೆ ವೋಲ್ಟೇಜು ಏರುಪೇರು. 230 ಇದ್ದದ್ದು 190ಕ್ಕೆ ಇಳಿದರೆ 6.3 ವೋಲ್ಟಿನ ಹೀಟರಿಗೆ ಸಿಗುವುದು 5.2. ಮಳೆಗಾಲದ ಸಂಜೆ ಮೀಟರ್ ಹಿಡಿದು ಅಳೆದೇ ರೆಗ್ಯುಲೇಟರ್ ಬೇಕೋ ಬೇಡವೋ ನಿರ್ಧರಿಸಿ. ಒಂದು ಇಸಿಸಿ 83ಕ್ಕೆ (9ನೇ ಪಿನ್ ಬಳಸಿ) ರೆಗ್ಯುಲೇಟ್ ಮಾಡಿದ 6.3 ಬೇಕೆಂದರೆ 9 ವೋಲ್ಟ್ ವೈಂಡಿಂಗ್ ಹಾಕಿಸಿ, 6.3ರ ವೈಂಡಿಂಗಿನಿಂದ ರೆಗ್ಯುಲೇಟರಿಗೆ ಹೊಟ್ಟೆ ತುಂಬುವುದಿಲ್ಲ.

• ಚೌಕ ಅಲೆಯ ಇನ್ವರ್ಟರಿನಲ್ಲಿ ಹಾಡು ಕೇಳಬೇಡಿ. ಅಲೆಯ ತುದಿ ತಗ್ಗಾಗಿರುವುದರಿಂದ ಡಿ.ಸಿ. ಸರ್ಕ್ಯೂಟಿಗೆ ವೋಲ್ಟೇಜು ಸಾಲುವುದಿಲ್ಲ, ಎ.ಸಿ. ಹೀಟರಿನಿಂದ ಕರ್ಕಶ ಸದ್ದು ನುಗ್ಗುತ್ತದೆ.

• ಡಿ.ಸಿ. ಮಾಡಿದ ಮೇಲೆ ಗುಂಯ್ ಹೋಗಿ ಝರ್ ಎಂದು ಬಂದರೆ ಡಯೋಡಿನಿಂದ ಮೊದಲ ಕೆಪಾಸಿಟರಿಗೆ ಹೋಗುವ ತಂತಿಗಳನ್ನು ಗಿಡ್ಡ ಮಾಡಿ, ಅವನ್ನು ಆಡಿಯೊ ಗ್ರೌಂಡಿಗೆ ತಾಗಿಸಬೇಡಿ.

• ಬೆಂಗಳೂರು ಜಾಲಹಳ್ಳಿಯ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್) ಗುರುತಿನ ವಾಲ್ವ್ ಸಿಕ್ಕಿದ್ದರೆ ಜೋಪಾನ. ಅಲ್ಲಿ ಈಗ ಅವನ್ನು ಮಾಡುವುದಿಲ್ಲ. 6.3 ವೋಲ್ಟಿನ ಹೀಟರಿಗೆ 6.6ಕ್ಕಿಂತ ಮೇಲೆ ಹೋಗದಂತೆ ನೋಡಿಕೊಳ್ಳಿ.

• ಆಗುಂಬೆ ಕಡೆಯ ಮಳೆಯಲ್ಲಿ ಅಟ್ಟದ ಟ್ರಾನ್ಸ್‌ಫಾರ್ಮರ್ ಶೀತ ಕುಡಿದಿರುತ್ತದೆ. ಚೆನ್ನಾಗಿ ಒಣಗಿಸಿ, ಇನ್ಸುಲೇಷನ್ ಅಳೆಯಿಸಿ, ಆಮೇಲೆ ಸ್ವಿಚ್ ಹಾಕಿ. ಆರಿಸಿದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಹಿಡಿದು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಕೈ ಹಾಕಿ.