ಜೋತುಬಿದ್ದ ರೂಫ್ ಲೈನಿಂಗ್ ಮತ್ತೆ ಬಿಗಿಯಾಗಲು 11 ಸೂತ್ರಗಳು

ಹತ್ತು ಹದಿನೈದು ವರ್ಷ ದುಡಿದ ಕಾರು. ಎಂಜಿನ್ ಗಟ್ಟಿ, ಗೇರು ಸಲೀಸು, ಬಾಡಿಯಲ್ಲಿ ತುಕ್ಕಿಲ್ಲ. ಆದರೆ ಚಾವಣಿಯ ಬಟ್ಟೆ ಕಳಚಿ ಹಿಂದಿನ ಸೀಟಿನವರ ತಲೆಗೆ ತಾಗುತ್ತಿದೆ. ಕಿಟಕಿ ಇಳಿಸಿದರೆ ಗಾಳಿಗೆ ಉಬ್ಬಿ ಹಿಂದಿನ ಗಾಜನ್ನೇ ಮುಚ್ಚುತ್ತದೆ. ಇದನ್ನು ಬರೀ ಅಂದಚಂದದ ವಿಷಯ ಎಂದು ಮುಂದೂಡಬೇಡಿ. ಒಳಗನ್ನಡಿಯಲ್ಲಿ ಹಿಂದಿನ ವಾಹನ ಕಾಣದಿದ್ದರೆ ಅದು ಸುರಕ್ಷತೆಯ ಪ್ರಶ್ನೆ. ಎರಡು ದಿನದ ಬಿಡುವು, ಕೈಜೋಡಿಸಲು ಇನ್ನೊಬ್ಬರು ಮತ್ತು ತಾಳ್ಮೆ ಇದ್ದರೆ ಮನೆಯಂಗಳದಲ್ಲೇ ಈ ಕೆಲಸ ಮುಗಿಯುತ್ತದೆ.

1. ರೋಗದ ಮೂಲ ತಿಳಿಯಿರಿ
ಮೇಲ್ನೋಟಕ್ಕೆ ಅಂಟು ಬಿಟ್ಟಂತೆ ಕಾಣುತ್ತದೆ. ನಿಜವಾಗಿ ಸತ್ತಿರುವುದು ಫೋಮ್. ಅಚ್ಚಿನಲ್ಲಿ ಒತ್ತಿ ಮಾಡಿದ ಬೋರ್ಡಿಗೂ ಮೇಲಿನ ಬಟ್ಟೆಗೂ ನಡುವೆ ಸುಮಾರು 3 ಮಿಲಿಮೀಟರ್ ದಪ್ಪದ ಪಾಲಿಯುರಥೇನ್ ಫೋಮ್ ಇರುತ್ತದೆ. ವರ್ಷಗಟ್ಟಲೆ ಬಿಸಿಲು, ತೇವ ಉಂಡು ಅದು ಹಳದಿ ಪುಡಿಯಾಗುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಬಟ್ಟೆ ಕೆಳಗೆ ಬೀಳುತ್ತದೆ. ಜೋತ ಜಾಗವನ್ನು ಬೆರಳಿನಿಂದ ಉಜ್ಜಿ ನೋಡಿ. ಒಳಗೆ ಮರಳಿನಂತೆ ಸರಸರ ಎಂದರೆ ಫೋಮ್ ಮುಗಿದಿದೆ.

2. ತೇಪೆ ಉಪಾಯ ನಂಬಬೇಡಿ
ಸಿರಿಂಜಿನಿಂದ ಅಂಟು ತುಂಬುವುದು, ಹಬೆ ಹಾಯಿಸುವುದು, ಸ್ಟೇಪ್ಲರ್ ಪಿನ್ ಹೊಡೆಯುವುದು ಎಲ್ಲವೂ ಅಂದಿನ ಸಮಾಧಾನ. ಪುಡಿಯ ಮೇಲೆ ಹಾಕಿದ ಅಂಟು ಪುಡಿಗೇ ಅಂಟುತ್ತದೆ, ಬೋರ್ಡಿಗೆ ತಲುಪುವುದೇ ಇಲ್ಲ. ಬಟ್ಟೆಯ ಮೇಲೆ ಕಲೆ ಉಳಿಯುವುದು ಮಾತ್ರ ಖಚಿತ. ಕಿಟಕಿಗಳ ಮೇಲ್ಭಾಗದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಪಿನ್ ಚುಚ್ಚುವುದಂತೂ ಅಪಾಯ.

3. ಚಾವಣಿ ಯಾವ ಬಗೆಯದು ನೋಡಿ
ಅಂಬಾಸಿಡರ್‌ನಂಥ ಹಳೆಯ ಕಾರುಗಳಲ್ಲಿ ಬೋರ್ಡ್ ಇರುವುದಿಲ್ಲ. ಅಡ್ಡ ಕಂಬಿಗಳಿಗೆ ಹೊಲಿದ ಬಟ್ಟೆ ಅಥವಾ ರೆಕ್ಸಿನ್ನನ್ನು ಪೋಣಿಸಿ, ಅಂಚುಗಳನ್ನು ಸುತ್ತಲೂ ಎಳೆದು ಅಂಟಿಸಿರುತ್ತಾರೆ. ಅದು ಹೊಲಿಗೆ ಬಲ್ಲ ಕುಶನ್ ಕೆಲಸದವರ ಕೈಗೇ ಹೋಗಬೇಕು. ಮುಂದಿನ ಸೂತ್ರಗಳು ಬೋರ್ಡ್ ಇರುವ ಕಾರುಗಳಿಗೆ.

4. ಮೊದಲು ಸೋರಿಕೆ ನಿಲ್ಲಿಸಿ
ಬಟ್ಟೆಯಲ್ಲಿ ಕಂದು ವರ್ತುಲ ಕಂಡರೆ ನೀರು ಒಳಗೆ ಬರುತ್ತಿದೆ ಎಂದೇ ಅರ್ಥ. ಆಂಟೆನಾ ಬುಡ, ರೂಫ್ ರೈಲ್ ಕೂಡಿಸಿದ ಜಾಗ, ಮುಂದಿನ ಗಾಜಿನ ಅಂಚು ಪರೀಕ್ಷಿಸಿ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ನೀರಿನ ಕೊಳವೆಗಳಲ್ಲಿ ಧೂಳು, ಎಲೆ ಕಟ್ಟಿಕೊಂಡಿರಬಹುದು. ಪೈಪಿನಿಂದ ನಿಧಾನವಾಗಿ ನೀರು ಬಿಟ್ಟು, ಒಳಗೆ ಕೂತವರು ಟಾರ್ಚ್ ಹಿಡಿದು ನೋಡಲಿ. ಸೋರುವ ಚಾವಣಿಗೆ ಹೊಸ ಬಟ್ಟೆ ಹಾಕಿದರೆ ಮೊದಲ ಮಳೆಗೇ ಕಲೆ.

5. ಬಟ್ಟೆ, ಅಂಟು ಎರಡರಲ್ಲೂ ಜಿಪುಣತನ ಬೇಡ
ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಾರು ಸಾಮಾನಿನ ಮಾರುಕಟ್ಟೆಯಲ್ಲಿ ‘ಫೋಮ್ ಅಂಟಿದ ರೂಫ್ ಲೈನಿಂಗ್ ಬಟ್ಟೆ’ ಎಂದೇ ಕೇಳಿ. ಫೋಮ್ ಇಲ್ಲದ ಬಟ್ಟೆಯಲ್ಲಿ ಬೋರ್ಡಿನ ಪ್ರತಿ ಉಬ್ಬುತಗ್ಗು ಎದ್ದು ಕಾಣುತ್ತದೆ, ಅಂಟೂ ಹೊರಗೆ ಒಸರುತ್ತದೆ. ನಾಲ್ಕೂ ಬದಿಗೆ ಎಂಟು ಹತ್ತು ಸೆಂಟಿಮೀಟರ್ ಹೆಚ್ಚಿಗೆ ಸಿಗುವಂತೆ ಅಳತೆ ಕೊಡಿ. ತಗ್ಗುಗಳು ಆಳವಿದ್ದರೆ ಇನ್ನಷ್ಟು ಬೇಕು.

ಅಂಟು ಬಿಸಿ ತಾಳುವ ಕಾಂಟ್ಯಾಕ್ಟ್ ಅಡ್ಹೆಸಿವ್ ಆಗಿರಲಿ. ಕುಶನ್ ಅಂಗಡಿಯವರು ಇದನ್ನು ಸೊಲ್ಯೂಷನ್ ಎನ್ನುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖ 60 ಡಿಗ್ರಿ ದಾಟಬಲ್ಲದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದ, ಥರ್ಮೋಕೋಲ್ ಅಂಟಿಸುವ ಸ್ಪ್ರೇ ಆ ಬಿಸಿಗೆ ಕರಗಿ ಕೈಬಿಡುತ್ತದೆ.

6. ದಿನ, ಜಾಗ ನೋಡಿ ಕೈಹಾಕಿ
ಮಳೆಗಾಲದ ತೇವದಲ್ಲಿ ಅಂಟು ಸರಿಯಾಗಿ ಹಿಡಿಯದು. ಸುಡುಬಿಸಿಲಿನಲ್ಲಿ ಬೇಗ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ಒಣ ಹವೆ, ನೆರಳು, ಗಾಳಿಯಾಡುವ ಬಯಲು ಇವು ಮೂರೂ ಬೇಕು. ಅಂಟಿನ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಹತ್ತಿರದಲ್ಲಿ ಬೀಡಿ, ಸಿಗರೇಟು, ಒಲೆ ಯಾವುದೂ ಇರಬಾರದು.

7. ಬಿಚ್ಚುವ ಮೊದಲು ಬ್ಯಾಟರಿ ಕಳಚಿ
ನೆಗೆಟಿವ್ ಟರ್ಮಿನಲ್ ತೆಗೆದು ಕನಿಷ್ಠ ಹತ್ತು ನಿಮಿಷ ಕಾಯಿರಿ. ಪಿಲ್ಲರ್ ಕವರಿನ ಮೇಲೆ ‘ಏರ್‌ಬ್ಯಾಗ್’ ಎಂಬ ಗುರುತಿದ್ದರೆ, ಆ ಕೆಲಸ ತಿಳಿದವರಿಂದಲೇ ಬಿಚ್ಚಿಸಿ. ಇಲ್ಲವಾದರೆ ಸನ್ ವೈಸರ್, ಹಿಡಿಕೆಗಳು, ಒಳಗಿನ ದೀಪ, ಪಿಲ್ಲರ್ ಕವರ್, ಡೋರ್ ಬೀಡಿಂಗ್ ಒಂದೊಂದಾಗಿ ಬರಲಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹಳೆಯ ಪ್ಲಾಸ್ಟಿಕ್ ಒಡೆಯುತ್ತದೆ; ಪ್ಲಾಸ್ಟಿಕ್ ಪಟ್ಟಿ ಬಳಸಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಯಾವುದರದು ಎಂದು ಬರೆದಿಡಿ.

8. ಬೋರ್ಡ್ ಬಾಗಿಸಬೇಡಿ
ಒಮ್ಮೆ ಮುರಿದು ಗೆರೆ ಬಿದ್ದರೆ ಆ ಗೆರೆ ಹೊಸ ಬಟ್ಟೆಯ ಮೇಲೂ ಕಾಣುತ್ತದೆ. ಮುಂದಿನ ಸೀಟುಗಳನ್ನು ಪೂರ್ತಿ ಮಲಗಿಸಿ, ಇಬ್ಬರು ಎರಡು ತುದಿ ಹಿಡಿದು ಹೊರತನ್ನಿ. ಹಿಂಬಾಗಿಲು ಇರುವ ಕಾರಿನಲ್ಲಿ ಡಿಕ್ಕಿಯ ಕಡೆಯಿಂದ, ಸೆಡಾನ್‌ನಲ್ಲಿ ಮುಂದಿನ ಎಡ ಬಾಗಿಲಿನಿಂದ ತೆಗೆಯುವುದು ಸಾಮಾನ್ಯವಾಗಿ ಸಲೀಸು.

9. ಗೆಲುವು ಇರುವುದು ಸ್ವಚ್ಛಗೊಳಿಸುವುದರಲ್ಲಿ
ಇಡೀ ಕೆಲಸದ ಪ್ರಾಣ ಇಲ್ಲಿದೆ. ಹಳೆಯ ಬಟ್ಟೆ ಒಂದೇ ಎಳೆತಕ್ಕೆ ಬರುತ್ತದೆ, ಫೋಮಿನ ಪುಡಿ ಬೋರ್ಡಿನ ಮೇಲೆ ಉಳಿಯುತ್ತದೆ. ಬಟ್ಟೆ ಒಗೆಯುವ ಮೆದು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿ. ತಂತಿ ಬ್ರಷ್ ಹಾಕಿದರೆ ಬೋರ್ಡಿನ ಪದರ ಕಿತ್ತು ಬರುತ್ತದೆ. ನೀರು ಸೋಕಿಸಬೇಡಿ, ಬೋರ್ಡ್ ಮೆತ್ತಗಾಗಿ ಆಕಾರ ಕೆಡುತ್ತದೆ. ಬಳಿಕ ವ್ಯಾಕ್ಯೂಮ್ ಹಾಕಿ. ಅಂಗೈ ಆಡಿಸಿದಾಗ ಪುಡಿ ಅಂಟದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ತುಂಬುತೋಳಿನ ಅಂಗಿ ಕಡ್ಡಾಯ. ಬೋರ್ಡಿನಲ್ಲಿ ಫೈಬರ್‌ಗ್ಲಾಸ್ ಇದ್ದರೆ ಮೈಯೆಲ್ಲ ತುರಿಸುತ್ತದೆ. ಒಡೆದ ಮೂಲೆಗಳಿದ್ದರೆ ಈಗಲೇ ಹಿಂಬದಿಯಿಂದ ಬಟ್ಟೆಪಟ್ಟಿ, ಅಂಟು ಹಾಕಿ ಗಟ್ಟಿ ಮಾಡಿ.

10. ಅರ್ಧರ್ಧವಾಗಿ ಅಂಟಿಸಿ
ಬಟ್ಟೆಯನ್ನು ಬೋರ್ಡಿನ ಮೇಲೆ ಹಾಸಿ, ಸರಿಹೊಂದಿಸಿ, ಮುಂದಿನ ಅರ್ಧವನ್ನು ಹಿಂದಕ್ಕೆ ಮಡಚಿ. ಬೋರ್ಡಿಗೂ ಫೋಮಿಗೂ ಎರಡಕ್ಕೂ ತೆಳುವಾಗಿ, ಸಮನಾಗಿ ಅಂಟು ಬಳಿಯಿರಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಮುಟ್ಟಿದರೆ ಜಿಗುಟಿರಬೇಕು, ಬೆರಳಿಗೆ ಹತ್ತಬಾರದು. ಹಸಿಯಿರುವಾಗಲೇ ಒತ್ತಿದರೆ ಅಂಟು ಫೋಮ್ ದಾಟಿ ಬಟ್ಟೆಗೆ ಬಂದು ಕಲೆಯಾಗುತ್ತದೆ.

ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತ ಬನ್ನಿ. ದೀಪದ ಗುಳಿ, ವೈಸರ್ ತಗ್ಗು ಬಂದಾಗ ಮೊದಲು ತಳಕ್ಕೆ ಒತ್ತಿ, ಆಮೇಲೆ ಪಕ್ಕಕ್ಕೆ ಹೋಗಿ. ತಗ್ಗಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆದು ದಾಟಿಸಿದರೆ ನಾಳೆ ಅಲ್ಲಿಂದಲೇ ಬಿಡುತ್ತದೆ. ಒಂದರ್ಧ ಮುಗಿದ ಮೇಲೆ ಇನ್ನೊಂದರ್ಧಕ್ಕೂ ಇದೇ ಕ್ರಮ.

11. ಅಂಚು ಮಡಚಿ, ಒಂದು ದಿನ ಕಾಯಿರಿ
ಎರಡು ಮೂರು ಸೆಂಟಿಮೀಟರ್ ಬಟ್ಟೆಯನ್ನು ಹಿಂಬದಿಗೆ ಮಡಚಿ ಅಂಟಿಸಿ, ಉಳಿದದ್ದನ್ನು ಹೊಸ ಬ್ಲೇಡಿನಿಂದ ಕತ್ತರಿಸಿ. ದೀಪ, ಹಿಡಿಕೆಗಳ ತೂತಿಗೆ ಗುಣಾಕಾರ ಚಿಹ್ನೆಯಂತೆ ಸಣ್ಣದಾಗಿ ಕೊಯ್ದು ತುದಿಗಳನ್ನು ಒಳಕ್ಕೆ ಮಡಚಿ. ಚಿಕ್ಕ ತೂತನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡಲಾಗದು. ಅವಸರಪಡದೆ ಒಂದು ಹಗಲು ರಾತ್ರಿ ಒಣಗಲು ಬಿಟ್ಟು, ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಿ. ಬ್ಯಾಟರಿ ಕೊನೆಗೆ.

ಅಂಗಡಿಗೆ ಕೊಡುವುದಾದರೆ
ಸನ್‌ರೂಫ್ ಅಥವಾ ಕರ್ಟನ್ ಏರ್‌ಬ್ಯಾಗ್ ಇರುವ ಕಾರನ್ನು ಅನುಭವಿ ಕುಶನ್ ಕೆಲಸದವರಿಗೆ ಒಪ್ಪಿಸುವುದೇ ಲೇಸು. ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಬೋರ್ಡ್ ಹೊರಗೆ ತೆಗೆಯುತ್ತೀರಾ? ಹಳೆಯ ಫೋಮ್ ಪೂರ್ತಿ ಉಜ್ಜುತ್ತೀರಾ? ಬಿಸಿ ತಾಳುವ ಅಂಟು ಬಳಸುತ್ತೀರಾ? ಮೂರಕ್ಕೂ ಹೌದು ಎಂದವರಿಗೆ ಕೀಲಿ ಕೊಡಿ. ಕಾರಿನೊಳಗೇ ಒಂದು ಗಂಟೆಯಲ್ಲಿ ಅಂಟಿಸಿಕೊಡುತ್ತೇನೆ ಎಂದವರಿಗೆ ಕೈಮುಗಿದು ಮುಂದಿನ ಅಂಗಡಿಗೆ ನಡೆಯಿರಿ.