ಕಾವಲುಗಾರ ಮನೆಯವರನ್ನೇ ಹಿಡಿದಾಗ

ತರಗತಿ: 9, ತಾಂಡವಪುರ. ವಿಷಯ: ಆಟೋಇಮ್ಯೂನ್ ಕಾಯಿಲೆಗಳು

ಉದ್ದೇಶ: ಸೋಂಕು, ಆಹಾರ, ಹೊಗೆ, ದೂಳು ಕೆಲವರಲ್ಲಿ ರೋಗನಿರೋಧಕ ಶಕ್ತಿಯನ್ನು ಸ್ವಂತ ದೇಹದ ಮೇಲೆಯೇ ತಿರುಗಿಸಬಲ್ಲವು ಎಂದು ತಿಳಿಯುವುದು.

ಚಟುವಟಿಕೆ: ಇಬ್ಬರು ಕಾವಲುಗಾರರಿಗೆ ‘ಕೆಂಪು ಚೀಟಿಯವರನ್ನು ಹಿಡಿಯಿರಿ’ ಎಂದೆ. ಕೆಂಪು ಚೀಟಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗುರುತು. ‘ಹೃದಯ’ವಾಗಿದ್ದ ಹುಡುಗಿಗೂ ಕೆಂಪು ಚೀಟಿಯನ್ನೇ ಕೊಟ್ಟಿದ್ದೆ. ಅವಳೂ ಸಿಕ್ಕಿಬಿದ್ದಳು.

ವಿವರಣೆ: ಈ ಬ್ಯಾಕ್ಟೀರಿಯಾದ ಎಂ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುತ್ತದೆ. ಹಾಗಾಗಿ ಗಂಟಲುನೋವಾದ 2–4 ವಾರಗಳಲ್ಲಿ ಕೆಲವು ಮಕ್ಕಳಿಗೆ, ಹೆಚ್ಚಾಗಿ 5–15 ವಯಸ್ಸಿನವರಿಗೆ, ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲು ಊದುತ್ತದೆ, ಹೃದಯದ ಕವಾಟವೂ ಕೆಡಬಹುದು. ಬೀಡಿ ಹೊಗೆ, ಕಲ್ಲು ಒಡೆಯುವಾಗಿನ ದೂಳು ರುಮಟಾಯ್ಡ್ ಸಂಧಿವಾತದ ಅಪಾಯ ಹೆಚ್ಚಿಸುತ್ತವೆ. ಸೀಲಿಯಾಕ್ ಕಾಯಿಲೆಯವರ ಕರುಳಿಗೆ ಗೋಧಿಯ ಗ್ಲುಟೆನ್ ಹಾನಿಕರ, ರಾಗಿಯಲ್ಲಿ ಅದಿಲ್ಲ.

ಮಕ್ಕಳ ಪ್ರಶ್ನೆ: “ಮಿಸ್, ಗಂಟಲು ನೋವಿಗೆ ನಮ್ಮವ್ವ ಮೆಣಸಿನ ಕಷಾಯ ಕೊಡ್ತಾಳೆ ಅಷ್ಟೆ. ನಂಗೂ ಹಾರ್ಟ್ ಕಾಯಿಲೆ ಬಂದ್ಬುಡುತ್ತಾ?” ನಾನು ತಡವರಿಸಿದೆ. ಆಮೇಲೆ ಹೇಳಿದೆ: ಹೆಚ್ಚಿನ ಗಂಟಲುನೋವು ವೈರಸ್ಸಿನದು, ಭಯ ಬೇಡ. ಆದರೆ ಜ್ವರವೂ ಇದ್ದರೆ ವೈದ್ಯರಿಗೆ ತೋರಿಸಬೇಕು. ಸ್ಟ್ರೆಪ್ಟೊಕಾಕಸ್ ಆಗಿದ್ದರೆ 9 ದಿನದೊಳಗೆ ಪೆನಿಸಿಲಿನ್ ಶುರುಮಾಡಿ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು.

ಆತ್ಮಾವಲೋಕನ: ಆಟ ನೆನಪಿನಲ್ಲಿ ಉಳಿಯಿತು, ಜೊತೆಗೆ ಭಯವೂ ಹುಟ್ಟಿತು. ಮುಂದಿನ ಸಲ ಕಾಯಿಲೆಯ ಜೊತೆಯಲ್ಲೇ ತಡೆಯುವ ದಾರಿಯನ್ನೂ ಹೇಳುತ್ತೇನೆ.